ಕಲರ್ ಹಾಕದೆ ಅಳೆದ ನೀರು

ಧರಮಪೇಠದ ಕ್ಲಿನಿಕ್ಕೊಂದರಲ್ಲಿ ಬಸುರಿಯರ ಸ್ಕ್ಯಾನ್ ಮಾಡುವ ಡಾಕ್ಟರು ನಾನು. ದಿನವಿಡೀ ಮರಾಠಿ, ಹಿಂದಿ. ಅಪರೂಪಕ್ಕೆ ಕನ್ನಡ ಕಿವಿಗೆ ಬಿದ್ದರೆ ಹಿಗ್ಗಿ ಹೀರೇಕಾಯಿಯಾಗುತ್ತೇನೆ. ನನ್ನನ್ನು ಹಾಳು ಮಾಡಿದ್ದೇ ಆ ಹಿಗ್ಗು.

ಗದಗಿನ ಕಡೆಯ ಹುಡುಗಿ, ಗಂಡ ರೈಲ್ವೆಯಲ್ಲಿ. ದಿನ ತುಂಬುತ್ತಿತ್ತು. ಗರ್ಭದ ನೀರು ಕಡಿಮೆಯಾಗಿದೆಯೋ ಏನೋ ಎಂಬ ಅನುಮಾನದಿಂದ ಅವಳ ಡಾಕ್ಟರು ಕಳಿಸಿದ್ದರು. ಅವಳು ಮಲಗಿಕೊಂಡೇ ತನ್ನ ಸೀಮಂತದ, ನಮ್ಮ ಕಡೆಯ ಕುಬಸದ, ಸುದ್ದಿ ತೆಗೆದಳು. ತವರಿನಿಂದ ಯಾರು ಬಂದರು, ರೊಟ್ಟಿ ಯಾರು ತಟ್ಟಿದರು ಎಂದು ನಾನೂ ಕೇಳುತ್ತಾ ಹೋದೆ. ಕೈ ತನ್ನ ಪಾಡಿಗೆ ಅಳೆಯುತ್ತಿತ್ತು.

ಹೊಟ್ಟೆಯ ನಾಲ್ಕು ಭಾಗಗಳಲ್ಲಿ ನೀರಿನ ಆಳ ಅಳೆದು ಕೂಡಿಸುತ್ತೇವೆ. ಪರದೆಯ ಮೇಲೆ ನೀರು ಕಪ್ಪು. ಒತ್ತೊತ್ತಾಗಿ ಮಡಚಿಕೊಂಡ ಹೊಕ್ಕುಳಬಳ್ಳಿಯೂ ಹೆಚ್ಚುಕಡಿಮೆ ಕಪ್ಪೇ. ಕಲರ್ ಬಟನ್ ಒತ್ತಿದರೆ ಬಳ್ಳಿಯಲ್ಲಿ ಹರಿಯುವ ರಕ್ತ ಕೆಂಪು, ನೀಲಿಯಾಗಿ ಕಾಣುತ್ತದೆ. ಆ ಜಾಗ ಬಿಟ್ಟು ಅಳೆಯಬೇಕು. ಒಂದೇ ಒಂದು ಬಟನ್. ಮಾತಿನ ಭರದಲ್ಲಿ ಒತ್ತಲಿಲ್ಲ.

"ನೀರು ಬರೋಬರ್ ಐತಿ, ಆರಾಮ ಮನಿಗೆ ಹೋಗವ್ವ" ಎಂದು ಕಳಿಸಿದೆ.

ಮೂರನೆಯ ದಿನ ಮತ್ತೆ ಬಂದಳು. ಬೆಳಗಿನಿಂದ ಕೂಸು ಮಿಸುಕಿರಲಿಲ್ಲವಂತೆ. ನೋಡಿದೆ. ಎದೆಬಡಿತ ನಿಂತುಹೋಗಿತ್ತು.

ಅವಳನ್ನು ಆಸ್ಪತ್ರೆಗೆ ಕಳಿಸಿ, ಹಿಂದಿನ ಚಿತ್ರಗಳನ್ನು ತೆರೆದೆ. ನಾನು ನೀರೆಂದು ಅಳೆದ ನಾಲ್ಕರಲ್ಲಿ ಎರಡು ಕಡೆ ಇದ್ದದ್ದು ಬಳ್ಳಿ. ನೀರು ತೀರಾ ಕಡಿಮೆಯಿತ್ತು. ಅಂದೇ ಹೇಳಿದ್ದರೆ ಹೆರಿಗೆ ಮಾಡಿಸಿರುತ್ತಿದ್ದರು. ಕೂಸು ಉಳಿಯುತ್ತಿತ್ತೇ? ಗೊತ್ತಿಲ್ಲ. ಊಟಕ್ಕೆ ಕೂತರೂ ಇದೇ ಪ್ರಶ್ನೆ, ಇನ್ನೊಬ್ಬಳ ಹೊಟ್ಟೆಯ ಮೇಲೆ ಕೈಯಿಟ್ಟರೂ ಇದೇ.

ತಪ್ಪು ಒಪ್ಪಿಕೊಳ್ಳಲೇಬೇಕೆಂದು ಹದಿನೈದು ದಿನದ ಮೇಲೆ ಪ್ರತಾಪ ನಗರದ ಅವಳ ಮನೆಗೆ ಹೋದೆ. ಅವಳ ಅತ್ತೆ ಚಹಾ ಕೊಟ್ಟು ಒಳಗೆ ಹೋದರು. ಹುಡುಗಿ ನನ್ನ ಹತ್ತಿರ ಸರಿದು ಕೂತಳು.

"ನೀವು ಎಲ್ಲಾ ಬರೋಬರ್ ಐತಿ ಅಂದಿದ್ರಿ ಅಕ್ಕಾರ. ಮರುದಿನ ನಾ ಕುಕ್ಕರಗಾಲಿಲೆ ಕುಂತು ಚಾದರ ಒಗದೆ. ಅದಕ್ಕ ಹಿಂಗಾತೇನ್ರಿ?"

ಅಲ್ಲ ಎಂದೆ.

"ಮತ್ಯಾಕ್ರಿ?"

ಬಾಯಿ ತೆರೆದೆ. ಥೂ, ನನ್ನ ಜನ್ಮಕ್ಕಿಷ್ಟು. "ಒಮ್ಮೊಮ್ಮೆ ಹಂಗ ಆಗತೈತಿ" ಎಂದುಬಿಟ್ಟೆ. ಅವಳು ತಲೆಯಾಡಿಸಿದಳು. ನಂಬಿರಲಿಲ್ಲ.

ಮೊನ್ನೆ ಬಜಾಜ್ ನಗರದಲ್ಲಿ ಅವಳ ಗಂಡ ಸಿಕ್ಕಿದ್ದ. ಎರಡು ವರ್ಷವಾಯಿತು, ಅವಳು ಈಗಲೂ ಚಾದರ ಒಗೆಯಲು ಕೂತಾಗಲೆಲ್ಲ ಅಳುತ್ತಾಳಂತೆ.