ಮೊದಲು ನೀರು ಕುಡಿ

ನಮ್ಮ ಮನೆಗೆ ಯಾರೇ ಬರಲಿ, ಅವರು ಕಾಲು ತೊಳೆದು ಕುಳಿತು, ಬೆಲ್ಲದ ಚೂರಿನೊಡನೆ ಒಂದು ಲೋಟ ನೀರು ಕುಡಿದು ಮುಗಿಸುವವರೆಗೆ ನಾನು ಬಂದ ಕಾರಣ ಕೇಳುವುದಿಲ್ಲ. ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಚಾಮರಾಜನಗರದ ನಮ್ಮ ಬೀದಿಯಲ್ಲಿ ಎಲ್ಲರ ಪದ್ಧತಿಯೂ ಇದೇ. ಆದರೆ ಲೋಟ ಬರಿದಾದ ಮೇಲೂ ನಾನು "ಇನ್ನೊಂದಿಷ್ಟು ತರಲೆ?" ಎನ್ನುವುದುಂಟು. ಬೇಗೂರಿನಿಂದ ನನ್ನ ಅಣ್ಣ ಅವರೆಕಾಯಿ ಕೊಟ್ಟು ಕಳಿಸಿದ್ದ ಆಳಿಗೂ ಹಾಗೆಯೇ ಉಪಚಾರ ಮಾಡಿದಾಗ, "ಬಂದವರು ಮಾತಾಡಬೇಕೋ, ಈಜಾಡಬೇಕೋ?" ಎಂದು ನನ್ನ ಹೆಂಡತಿ ಒಳಗಿನಿಂದಲೇ ಗೊಣಗಿದಳು. ನಾನೂ ನಕ್ಕೆ. ಆತಿಥ್ಯದಂತೆ ತೋರುವ ಈ ವಿಳಂಬವನ್ನು ನಾನು ಕಲಿತದ್ದು ಒಂದು ಬ್ಯಾಂಡ್ ಸೆಟ್ಟಿನವರಿಂದ ಎಂದರೆ, ಓದುಗರೇ, ನೀವೂ ನಗಬಹುದು.

ಕೆಲವೇ ವರ್ಷಗಳ ಹಿಂದಿನ ಮಾತು. ನಾನಾಗ ಗುಂಡ್ಲುಪೇಟೆಯಲ್ಲಿ ಮೇಷ್ಟರಾಗಿದ್ದೆ. ರಾಜ್ಯಗಳು ಭಾಷೆಯ ಗೆರೆ ಹಿಡಿದು ಹೊಸದಾಗಿ ವಿಂಗಡವಾಗಿದ್ದವು. ಕಾಡಿನಾಚೆಯ ಸುಲ್ತಾನ್ ಬತ್ತೇರಿ ಮೊದಲೂ ನಮ್ಮದಲ್ಲ, ಆಮೇಲೂ ಅಲ್ಲ. ಆದರೂ ಅದು ಹೊಸ ಹೆಸರಿನ ರಾಜ್ಯಕ್ಕೆ ಸೇರಿದ್ದೇ ತಡ, ನಮ್ಮ ಜನಕ್ಕೆ ಪರದೇಶವೇ ಆಗಿಬಿಟ್ಟಿತು. ಪೇಟೆಯಲ್ಲಿ ಚಹದಂಗಡಿ ಇಟ್ಟಿದ್ದ ನಾಯರ್ ಒಬ್ಬ, ತನ್ನ ತಂಗಿಯ ಮಗಳ ಮದುವೆಗೆ ಆ ಪರದೇಶಕ್ಕೆ ನೆರೆಯೂರು ಹಂಗಳದ ಬ್ಯಾಂಡಿನವರನ್ನು ಕರೆದೊಯ್ಯುವೆನೆಂದು ಹಟ ಹಿಡಿದ. ಅದುವರೆಗೆ ಬೇಗೂರಿನಿಂದಾಚೆ ನುಡಿಸದಿದ್ದ ಆ ಕೆಂಪು ಕೋಟಿನ ಮಂದಿಗೆ ದುಭಾಷಿಯಾಗಿ ಹೊರಟವನು ನಾನು. ನನ್ನ ಮಲಯಾಳ ಪಾಂಡಿತ್ಯವೆಲ್ಲ ನಾಯರ್ ಅಂಗಡಿಯ ಬೆಂಚಿನ ಮೇಲೆ ಸಂಪಾದಿಸಿದ್ದು: ಚಾಯ, ವೆಳ್ಳಂ, ಮದಿ. ಚಹ, ನೀರು, ಸಾಕು. ಇಷ್ಟರಲ್ಲಿ ಒಂದು ಜನ್ಮ ಸಾಗಿಸಬಹುದೆಂಬ ಧೈರ್ಯ ನನಗಿತ್ತು.

ದೊಡ್ಡ ಡ್ರಮ್ಮಿನ ಮಾದಯ್ಯ ಮಾತ್ರ ಬರಲು ಹಿಂದೆಗೆಯುತ್ತಿದ್ದ. ಅವನ ತಾಯಿಗೆ ಜ್ವರ ಬಿಟ್ಟಿರಲಿಲ್ಲ. ಕರೆಯಲು ಹೋದಾಗ ಆ ಮುದುಕಿ ಗೋಡೆಗೆ ಒರಗಿ, ಮಗನ ಕೋಟಿನ ಸಡಿಲಾಗಿದ್ದ ಹಿತ್ತಾಳೆ ಗುಂಡಿಯನ್ನು ಹೊಲಿಯುತ್ತಿದ್ದುದನ್ನು ಕಂಡೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

"ನೀ ಓಗ್ಬುಟ್ಟು ಬಾ ಮಗ. ನಾನೆಲ್ಲೂ ಓಗಕಿಲ್ಲ ಕಣ್ಲಾ," ಎಂದಳು.

"ಓದ್ರೆ ನೋಡು ಮತ್ತೆ! ಬಂದು ನಿನ್ನೇ ಬಾರಿಸ್ತೀನಿ," ಎಂದ ಮಾದಯ್ಯ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಹಿಂದಿನ ದಿನವೇ ಬತ್ತೇರಿ ಸೇರಿದೆವು. ಮದುವೆಯ ಬೆಳಿಗ್ಗೆ ಚಪ್ಪರದ ಮುಂದೆ ಬ್ಯಾಂಡು ಶುರುವಾದಾಗ, ಬಿಳಿ ಮುಂಡು ಉಟ್ಟ ಜನ ಕೈಕಟ್ಟಿ ನಿಂತು, ಸದ್ದಿಲ್ಲದೆ, ಪರೀಕ್ಷಕರಂತೆ ಕೇಳಿದರು. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ನಾಲ್ಕು ಹುಡುಗರು ಕುಣಿದು ಒಬ್ಬ ಹಿರಿಯ ಬೈದಿರುತ್ತಿದ್ದ. ಕ್ಲಾರಿಯೊನೆಟ್ ನುಡಿಸುವ ಮುಖ್ಯಸ್ಥ ನಂಜಪ್ಪ ಹೆದರಿ ನನ್ನ ಕಿವಿಗೆ ಬಂದ. "ಸುಮ್ಕೆ ತಲೆ ಆಡುಸ್ತಾವ್ರಲ್ಲ ಮೇಷ್ಟ್ರೇ, ಒಗಳ್ತಾವ್ರಾ, ಬೈತಾವ್ರಾ?" ನನ್ನ ಮೂರು ಪದಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಒಬ್ಬ ಅಜ್ಜ ಮುಂದೆ ಬಂದು ಡ್ರಮ್ಮಿನ ಚರ್ಮವನ್ನು ಮೆಲ್ಲಗೆ ಸವರಿ, ಮಾದಯ್ಯನ ಬೆನ್ನು ತಟ್ಟಿದ ಮೇಲೆ ನಮ್ಮವರಿಗೆ ಉಸಿರು ಬಂತು.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಗುಂಡ್ಲುಪೇಟೆಯ ಬಸ್ಸು ಬಂದ ಸ್ವಲ್ಪ ಹೊತ್ತಿಗೆ ಅದರ ಕಂಡಕ್ಟರ್ ಬಸವಣ್ಣ ಗದ್ದೆಯ ಬದುವಿನ ಮೇಲೆ ನಡೆದು ಬರುತ್ತಿದ್ದ. ಅವನೂ ಹಂಗಳದವನೇ. ಅವನ ಟೋಪಿ ಕೈಯಲ್ಲಿತ್ತು. ಹಾಡು ಮುಗಿಯುತ್ತಲೇ ಮಾದಯ್ಯ ಡ್ರಮ್ಮನ್ನು ಕೆಳಗಿಟ್ಟು, ಚಪ್ಪರದ ಮೂಲೆಯ ಹಂಡೆಯಿಂದ ಚೆಂಬು ತುಂಬಿಕೊಂಡು, ಅವನನ್ನು ಅರ್ಧ ದಾರಿಯಲ್ಲೇ ಎದುರುಗೊಂಡ.

"ಮಾದಯ್ಯ..."

"ಬಿಸ್ಲಲ್ಲಿ ಬಂದಿದ್ದೀಯ ಬಸಣ್ಣ. ಮೊದ್ಲು ನೀರು ಕುಡಿ."

ಬಸವಣ್ಣ ಕುಡಿದ. ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಮಾದಯ್ಯ ಚೆಂಬನ್ನು ಕಿತ್ತುಕೊಂಡು ಮತ್ತೆ ತುಂಬಿ ತಂದ. "ಇನ್ನೊಸಿ ಕುಡಿ." ಎರಡನೆಯದನ್ನೂ ಅವನು ಕುಡಿದ.

"ವಾಪಸ್ ಬಸ್ಸು ಎಷ್ಟೊತ್ಗೆ?"

"ಮೂರಕ್ಕೆ. ಅದ್ಬುಟ್ರೆ ಬೇರೆ ಇಲ್ಲ."

"ನಂಗೊಂದು ಸೀಟು ಮಡಗು. ಅಲ್ಲೀಗಂಟ ನೀ ಏನೂ ಮಾತಾಡ್ಬ್ಯಾಡ."

ಅವನು ತಿರುಗಿ ಬಂದು ಡ್ರಮ್ಮನ್ನು ಕೊರಳಿಗೆ ಹಾಕಿಕೊಂಡ. ಇದೆಂಥ ವಿಚಿತ್ರ ಉಪಚಾರವೆಂದು ನಾನು ನಗುವುದರಲ್ಲಿದ್ದೆ. ನಂಜಪ್ಪನ ಮುಖ ನೋಡಿ ನಿಂತೆ.

"ಅವ್ನಿಗೆ ಗೊತ್ತಾಗದೆ ಏನು ಮೇಷ್ಟ್ರೇ?" ಎಂದ ನಂಜಪ್ಪ, ತುಟಿ ಅಲುಗಿಸದೆ. "ದೂರದ ಸಾವು ಕಿವಿಗ್ ಬಿದ್ದಾಗ್ಲಿಂದ ಸೂತಕ. ಕೇಳ್ಬುಟ್ರೆ ಲಗ್ನದ ವಾದ್ಯ ಮುಟ್ಟಂಗಿಲ್ಲ, ಚಪ್ಪರದಲ್ಲಿ ನಿಲ್ಲಂಗೂ ಇಲ್ಲ. ಆ ಉಡುಗಿಗೆ ಕೇಡಾಗಬಾರ್ದು ಅಂತ ಕಿವಿಗ್ ಬೀಳ್ದಂಗೆ ನೋಡ್ಕತಾವ್ನೆ."

ಆಮೇಲೆ ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ. ತಾಳಿ ಕಟ್ಟುವಾಗ ಮಾದಯ್ಯನ ಒಂದು ಪೆಟ್ಟೂ ತಪ್ಪಲಿಲ್ಲ. ಅವನ ಕಣ್ಣು ಡ್ರಮ್ಮಿನ ಕೋಲಿನ ತುದಿಯನ್ನು ಬಿಟ್ಟು ಅತ್ತಿತ್ತ ಸರಿಯಲಿಲ್ಲ. ಹಲಸಿನ ಮರದ ಕೆಳಗೆ ಬಸವಣ್ಣ ಬರಿದಾದ ಚೆಂಬನ್ನು ಎರಡು ಕೈಯಲ್ಲೂ ಹಿಡಿದು ಕುಳಿತಿದ್ದ. ಕೈಕಟ್ಟಿ ನಿಂತಿದ್ದ ಜನ ಈಗ ನಗುತ್ತಿದ್ದರು. ಮದುಮಗಳೂ ತಲೆ ಎತ್ತಿ ಒಮ್ಮೆ ಡ್ರಮ್ಮಿನ ಕಡೆ ನೋಡಿದಳು. ಪರದೇಶದಲ್ಲಿ ನಮ್ಮವರ ಮೊದಲ ವಾದನ ಗೆದ್ದಿತ್ತು.

ಊಟಕ್ಕೆ ಕರೆದರು. ಮಾದಯ್ಯ ಹೋಗಲಿಲ್ಲ. ಡ್ರಮ್ಮನ್ನು ನಂಜಪ್ಪನ ಕೈಗೆ ಕೊಟ್ಟು, ಕೋಟು ಬಿಚ್ಚಿ, ಗುಂಡಿಗಳು ಒಳಗಾಗುವಂತೆ ಮಡಿಸಿ, ಮದುವೆಯ ಅಂಗಳವನ್ನು ದಾಟಿ ಹಲಸಿನ ಮರದ ಆಚೆಗೆ ಹೋಗಿ ನೆಲದ ಮೇಲೆ ಕುಳಿತ.

"ಈಗ ಬಾಯ್ಬುಡು ಬಸಣ್ಣ."

ಬಸವಣ್ಣನಿಗೆ ಬಾಯಿ ಒಣಗಿತ್ತು. ಬರಿದಾದ ಚೆಂಬನ್ನೇ ಬಾಯಿಗೆತ್ತಿ ಇಳಿಸಿದ. ನಾನು ಓಡಿಹೋಗಿ ಅಡುಗೆಮನೆಯ ಬಾಗಿಲಲ್ಲಿದ್ದ ಹೆಂಗಸೊಬ್ಬಳಿಗೆ "ವೆಳ್ಳಂ" ಎಂದೆ. ಆ ದಿನ ದುಭಾಷಿಯಾಗಿ ನಾನಾಡಿದ ಮಾತು ಅದೊಂದೇ. ಓಡಿಬರುವಾಗ ಅರ್ಧ ನೀರು ದಾರಿಯಲ್ಲೇ ಚೆಲ್ಲಿತು. ಉಳಿದದ್ದನ್ನು ಕುಡಿದು ಬಸವಣ್ಣ ಹೇಳಿದ:

"ನಿಮ್ಮವ್ವ ಓಗ್ಬುಟ್ಳು ಕಣ. ಬೆಳಗಾಗೋದ್ರೊಳ್ಗೆ. ಮಣ್ಣಿಗೆ ನಿನ್ನೇ ಕಾಯ್ತಾವ್ರೆ."

ಮಾದಯ್ಯ ಮಡಿಸಿದ ಕೋಟನ್ನು ಬಿಚ್ಚಿ, ಅವಳು ಹೊಲಿದ ಗುಂಡಿಯನ್ನು ಹುಡುಕಿ, ಅದರ ಮೇಲೆ ಹೆಬ್ಬೆರಳು ಇಟ್ಟ.

"ಎಲ್ಲೂ ಓಗಕಿಲ್ಲ ಅಂದಿದ್ಲು ಮೇಷ್ಟ್ರೇ. ನೀವೂ ಕೇಳುಸ್ಕೊಂಡ್ರಲ್ಲ," ಎಂದು ನನ್ನನ್ನು ಸಾಕ್ಷಿ ಕರೆದ. ಹೌದು, ನಾನೂ ಕೇಳಿಸಿಕೊಂಡಿದ್ದೆ. ಮೂರರ ಬಸ್ಸಿನಲ್ಲಿ ಅವನ ಪಕ್ಕದಲ್ಲೇ ಕುಳಿತು ಹಿಂದಿರುಗಿದೆ. ಕಾಡು ಮುಗಿಯುವವರೆಗೆ ಅವನ ಬೆರಳುಗಳು ತೊಡೆಯ ಮೇಲೆ ಆ ಮದುವೆಯ ಗತ್ತನ್ನೇ ಬಡಿಯುತ್ತಿದ್ದವು. ಅವನಿಗೆ ಅದು ತಿಳಿದಿತ್ತೆಂದು ನನಗೆ ಅನ್ನಿಸಲಿಲ್ಲ.

ಸುದ್ದಿ ಸಾವನ್ನು ತರುವುದಿಲ್ಲ, ಅದು ಆಗಿಹೋಗಿರುತ್ತದೆ ಎಂದು ತರ್ಕ ಹೇಳುತ್ತದೆ. ಮಕ್ಕಳಿಗೆ ತರ್ಕ ಕಲಿಸುವ ನನಗೆ ಇದು ತಿಳಿಯದ್ದಲ್ಲ.

ನಿನ್ನೆ ಸಂಜೆ ಬೇಗೂರಿನಿಂದ ಅಣ್ಣನ ಮನೆಯ ಆ ಆಳು ಮತ್ತೆ ಬಂದ. ಈ ಸಲ ತಲೆಯ ಮೇಲೆ ಅವರೆಕಾಯಿಯ ಮೂಟೆ ಇರಲಿಲ್ಲ. ರುಮಾಲು ಕೈಯಲ್ಲಿತ್ತು. ಬಾಯಿ ತೆರೆಯಹೋದವನಿಗೆ, "ಮೊದಲು ನೀರು ಕುಡಿಯಪ್ಪ," ಎಂದೆ. ಹೆಂಡತಿ ಗೊಣಗಲಿಲ್ಲ, ಅವನ ಮುಖವನ್ನೊಮ್ಮೆ ನೋಡಿ, ನಾನು ಹೇಳುವ ಮೊದಲೇ ಎರಡನೆಯ ಲೋಟವನ್ನೂ ತುಂಬಿ ತಂದಿಟ್ಟಳು. ಅವನು ನಿಧಾನವಾಗಿ ಕುಡಿದ. ಆ ಲೋಟ ಬರಿದಾಗುವವರೆಗೆ ನನಗೆ ಒಬ್ಬ ಅಣ್ಣನಿದ್ದ.