ಬಣ್ಣಕ್ಕೆ ಹೋದ ದ್ಯಾಮವ್ವ

ಧಾರಾವಿಯ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಮಗಳು ತಾನು ಚಿಕ್ಕವಳಿದ್ದಾಗ ಆಡಿದ ವಿಡಿಯೋ ಗೇಮಿನ ಹೊಸ ಆವೃತ್ತಿ ತಂದು ಆಡುತ್ತ ಮುಖ ಗಂಟಿಕ್ಕಿದಳು.

"ಹಳೇದಕ್ಕ ಬಣ್ಣ ಹಚ್ಚಿದರ ರೀಮಾಸ್ಟರ್, ಅವ್ವಾ. ಹೊಸಾದ ಕಟ್ಟಿದರ ರೀಮೇಕ್. ಇವರು ರೀಮೇಕ್ ಮಾಡಿ ರೀಮಾಸ್ಟರ್ ಅಂತಾರ. ಚೀಟಿಂಗ್ ಹೈ."

ನನಗೆ ನಮ್ಮೂರ ಗ್ರಾಮದೇವಿ, ಕಟ್ಟಿಗೆಯ ದ್ಯಾಮವ್ವ ನೆನಪಾದಳು. ನಾನು ಸಣ್ಣವಳಿದ್ದಾಗ ಅವಳ ಕಿರುಬೆರಳು ಮುರಿದಿತ್ತು. ನೋವುಂಡವಳು ನನ್ನ ಮಾತು ಕೇಳುತ್ತಾಳೆಂದು ಆ ಮೋಟು ಬೆರಳನ್ನೇ ನೋಡುತ್ತ ಬೇಡಿಕೊಳ್ಳುತ್ತಿದ್ದೆ. ಒಮ್ಮೆ ಜಾತ್ರೆಗೆ ಮುಂಚೆ ದೇವಿಯನ್ನು ಬಣ್ಣಕ್ಕೆ, ಅಂದರೆ ಹೊಸ ಬಣ್ಣ ಹಚ್ಚಿಸಲು, ಕಳಿಸಿದರು. ತಿರುಗಿ ಬಂದವಳಿಗೆ ಐದೂ ಬೆರಳಿದ್ದವು, ಹೊಸ ಕಟ್ಟಿಗೆಯ ವಾಸನೆಯಿತ್ತು.

"ಅಪ್ಪಾ, ಇಕಿ ಬ್ಯಾರೆ," ಎಂದೆ.

"ಬರೇ ಬಣ್ಣ ಹಚ್ಚ್ಯಾರ. ಕೈ ಮುಗಿ," ಎಂದ ಅಪ್ಪ ನನ್ನ ಮುಖ ನೋಡಲಿಲ್ಲ.

ದೇವಿ ದೇವಿಯೇ, ಕೈ ಮುಗಿದೆ. ಅಪ್ಪನ ಮಾತನ್ನು ಮಾತ್ರ ಮತ್ತೆ ಪೂರ್ತಿ ನಂಬಲಿಲ್ಲ.

"ಹೊಸಾದು ಅಂತ ಹೇಳಿದ್ದರ ಏನಾಗ್ತಿತ್ತು?" ಎಂದೆ ಈಗ, ಅಪ್ಪನನ್ನೇ ನೆನೆಯುತ್ತ, ಮಗಳ ಮುಂದೆ ಬಾಯಿಬಿಟ್ಟು.

"ನಾನೂ ಅದನ್ನ ಹೇಳಾಕತ್ತೀನಿ, ಅವ್ವಾ," ಎಂದಳು ಮಗಳು.