ಬೋಗಾದಿಯಲ್ಲಿ ನನ್ನ ಮೇಲೆ ಬಿದ್ದ ಬೆಳಕು

ನಾಗಮಂಗಲದಿಂದ ಮೈಸೂರಿಗೆ ಹೊರಟ ಬೆಳಗಿನ ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇನೋ ಸಿಕ್ಕಿತು. ಆದರೆ ಪಕ್ಕದಲ್ಲಿ ಕೂತ ತಮ್ಮನ ಮಗಳು ಚೈತ್ರಳನ್ನು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು. ಕಪ್ಪು ಅಂಗಿ, ಕಪ್ಪು ಪ್ಯಾಂಟು. ನಾನೋ, ಮೈಸೂರಿಗೆ ಹೋಗುತ್ತಿದ್ದೇನಲ್ಲ ಎಂದು ಗಿಳಿಹಸಿರು ರೇಷ್ಮೆ ಸೀರೆ ಉಟ್ಟಿದ್ದೆ.

“ಒಳ್ಳೆ ಕೆಲ್ಸಕ್ಕೆ ಹೊರಟವ್ಳು ಇದೇನೇ ವೇಷ?”

“ಪರದೆ ಹಿಂದೆ ಕೆಲ್ಸ ಮಾಡೋರು ಕಾಣಿಸ್ಬಾರ್ದು ಅತ್ತೆ. ಕಪ್ಪೇ ಹಾಕ್ಕೊಂಡ್ ಬನ್ನಿ ಅಂತ ಹೇಳವ್ರೆ.”

ಬೋಗಾದಿಯ ಒಂದು ನಾಟಕ ತಂಡದವರು ಬೆಳಕಿನ ಕೆಲಸ ಕಲಿಸುತ್ತಾರೆ. ನಾಟಕಕ್ಕೂ ಆಗುತ್ತದೆ, ಮುಂದೆ ಸಿನಿಮಾಕ್ಕೂ ಆಗುತ್ತದೆ. ಅವತ್ತು ಕೈಯಲ್ಲಿ ಕೆಲಸ ಮಾಡಿಸಿ ನೋಡಿ ಆರಿಸಿಕೊಳ್ಳುವವರಿದ್ದರು. ಅವರು ಆರಿಸಿದರೂ ಸಾಲದು, ನಾನೂ ಹೂಂ ಅನ್ನಬೇಕಿತ್ತು. ನನ್ನ ತಮ್ಮ ನಂಜುಂಡನದು ಶಾಮಿಯಾನದ ಅಂಗಡಿ. ಮದುವೆ ಮನೆಗೆಲ್ಲ ಸೀರಿಯಲ್ ಸೆಟ್ ಕಟ್ಟುವವನು ಅವನೇ. ಮಗಳು ಅಂಗಡಿಯ ವೈರು ಹಿಡಿದೇ ಬೆಳೆದವಳು. ಆದರೂ ನಾಟಕ ಎಂದ ಕೂಡಲೇ ಅವನ ಮುಖ ಗಂಟಾಯಿತು. “ನೂರಾರು ಜನ ನಮ್ ಹುಡುಗೀನ ನೋಡ್ತಾ ಕೂತಿರ್ತಾರೆ ಕಣಕ್ಕ. ನೀನೇ ಹೋಗಿ ನೋಡ್ಕೊಂಡ್ ಬಾ. ನೀನು ಬ್ಯಾಡ ಅಂದ್ರೆ ಬ್ಯಾಡ” ಎಂದು ನನ್ನ ತಲೆಗೇ ಕಟ್ಟಿದ್ದ. ನಿಜ ಹೇಳಬೇಕೆಂದರೆ, ನಾನೂ ಮುಕ್ಕಾಲು ಪಾಲು ಬೇಡ ಎಂದುಕೊಂಡೇ ಬಸ್ಸು ಹತ್ತಿದ್ದೆ.

ಕಂಡಕ್ಟರು ಆಧಾರ್ ಕಾರ್ಡ್ ನೋಡಿ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಪಾಂಡವಪುರದ ಹತ್ತಿರ ಕಬ್ಬಿನ ಲಾರಿಗಳ ಹಿಂದೆ ಬಸ್ಸು ತೆವಳಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ತುಂಬಿ ಹರಿಯುತ್ತಿದ್ದಳು. ಎಲ್ಲರಂತೆ ನಾನೂ ಕೂತಲ್ಲೇ ಕೈಮುಗಿದೆ. ಮೈಸೂರಿನಲ್ಲಿ ಇಳಿದವಳು ಮೊದಲು ಅಗ್ರಹಾರಕ್ಕೆ ನಡೆ ಎಂದೆ. ಹೊಟ್ಟೆ ತಣ್ಣಗಿಲ್ಲದೆ ನಾನು ಯಾವ ತೀರ್ಪನ್ನೂ ಕೊಡುವುದಿಲ್ಲ. ಅಲ್ಲಿನ ಸಂದಿಯೊಂದರ ಪುಟ್ಟ ಹೋಟೆಲಿನಲ್ಲಿ ಸೆಟ್ ದೋಸೆ, ಸಾಗು. ಚೈತ್ರ ಒಂದು ದೋಸೆಯನ್ನೇ ಕೆದಕುತ್ತ ಕೂತಳು, ಉಳಿದದ್ದನ್ನು ನಾನೇ ಮುಗಿಸಿದೆ.

ಸಿಟಿ ಬಸ್ಸಿನಲ್ಲಿ ಬೋಗಾದಿಗೆ ಹೋದೆವು. ಎಲ್ಲಿ ನೋಡಿದರೂ ಜಲ್ಲಿ ರಾಶಿ, ಅರೆ ಕಟ್ಟಿದ ಮನೆ, ‘ಬಾಡಿಗೆಗಿದೆ’ ಬೋರ್ಡು. ತಗಡಿನ ಚಾವಣಿಯ ಒಂದು ದೊಡ್ಡ ಷೆಡ್ಡೇ ಅವರ ನಾಟಕದ ಮನೆ. ಒಳಗೆ ಸುತ್ತಲೂ ಕಪ್ಪು ಪರದೆ. ಬಂದಿದ್ದ ಹುಡುಗ ಹುಡುಗಿಯರೆಲ್ಲ ಕಪ್ಪು ಬಟ್ಟೆಯವರೇ. ಕಾಗೆಗಳ ನಡುವೆ ಗಿಳಿ ಹೊಕ್ಕ ಹಾಗೆ ನಾನೊಬ್ಬಳು.

ಕಲಿಸುವವರು ಮಾದೇವು ಮೇಷ್ಟ್ರು, ನಗುಮೊಗದ ಮನುಷ್ಯ. ಅವರು ಕೊಟ್ಟ ಕೆಲಸ ಇಷ್ಟೇ: ಮುಸ್ಸಂಜೆ ಹೊತ್ತು ಹೆಂಗಸೊಬ್ಬಳು ಯಾರಿಗೋ ಕಾಯುತ್ತ ಬಾಗಿಲಲ್ಲಿ ನಿಂತಿದ್ದಾಳೆ, ಅದು ಬೆಳಕಿನಲ್ಲೇ ತಿಳಿಯಬೇಕು. ಬೆಳಕು ಹೊಂದಿಸುವಾಗ ನಟರ ಜಾಗದಲ್ಲಿ ಯಾರಾದರೂ ನಿಲ್ಲಬೇಕಂತೆ. ಮೇಷ್ಟ್ರ ಕಣ್ಣು ನನ್ನ ಸೀರೆಯ ಮೇಲೆ ಬಿತ್ತು.

“ಅಮ್ಮಾ, ಸುಮ್ನೆ ಕೂತಿದ್ದೀರಲ್ಲ, ಸ್ವಲ್ಪ ಬಂದು ನಿಂತ್ಕೋತೀರಾ?”

ಚೈತ್ರಳ ಸರದಿಯೇ ಮೊದಲು ಬಂತು. ಅವಳು ಮೇಲೆ ತೂಗುಹಾಕಿದ್ದ ದೀಪ ತಿರುಗಿಸಲು ಏಣಿ ಹತ್ತುವ ಮುಂಚೆ ಜೇಬಿನಿಂದ ಗೋಣಿದಾರ ತೆಗೆದು ಸ್ಪ್ಯಾನರನ್ನು ಮಣಿಕಟ್ಟಿಗೆ ಕಟ್ಟಿಕೊಂಡಳು. ಮೇಷ್ಟ್ರು ಹತ್ತಿರ ಬಂದರು.

“ಇದ್ಯಾರಮ್ಮ ಹೇಳ್ಕೊಟ್ಟಿದ್ದು?”

“ನಮ್ಮಪ್ಪ ಸಾರ್. ಕೆಳಗೆ ಮದುವೆ ಜನ ಓಡಾಡ್ತಿರ್ತಾರಲ್ಲ, ಕೈ ಜಾರಿ ಬೀಳ್ಬಾರ್ದು ಅಂತ.”

“ನಾವು ಇಲ್ಲಿ ಎಲ್ಲಕ್ಕಿಂತ ಮೊದ್ಲು ಕಲಿಸೋ ಪಾಠ ಅದು” ಎಂದು ಮೇಷ್ಟ್ರು ನಕ್ಕರು.

ದೀಪ ಹತ್ತಿತು. ನೆಲದ ಮೇಲೆ ಬೆಳಕು ಗುಂಡಗೆ ಬಿತ್ತು. ಇಷ್ಟೂ ತಿಳಿಯದವಳೇ ನಾನು ಎಂದು ಅದರ ನಟ್ಟನಡುವೆ ಹೋಗಿ ಸೆಟೆದು ನಿಂತೆ. ಕೂತವರೆಲ್ಲ ಗೊಳ್ಳೆಂದರು. ನನ್ನ ಕಾಲಷ್ಟೇ ಝಗಮಗ, ಮುಖ ಕತ್ತಲೆಯಂತೆ! ಬೆಳಕು ಎತ್ತರದಿಂದ ಓರೆಯಾಗಿ ಬರುತ್ತದೆ, ಹೊಸಬರೆಲ್ಲ ನೆಲ ನೋಡಿ ಮೋಸ ಹೋಗುತ್ತಾರೆ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಕತ್ತಲೆಯೊಳಗಿಂದ ಚೈತ್ರಳ ದನಿ ಬಂತು.

“ನೆಲ ನೋಡ್ಬ್ಯಾಡಿ ಅತ್ತೆ. ಕಣ್ಣು ಮುಚ್ಕೊಂಡು ನಿಧಾನಕ್ಕೆ ದೀಪದ ಕಡೆಗೆ ಬನ್ನಿ. ಕೆನ್ನೆಗೆ ಬಿಸಿ ತಾಗಿದ ಕಡೆ ನಿಂತ್ಕೊಳ್ಳಿ.”

ಹಾಗೇ ಮಾಡಿದೆ. ಕೆನ್ನೆ ಬೆಚ್ಚಗಾಯಿತು. ಕಣ್ಣು ಬಿಟ್ಟರೆ ಪಕ್ಕದಿಂದ ಕೇಸರಿ ಬೆಳಕು ಹರಿದು ಬಂದು, ಸ್ವಲ್ಪ ಸ್ವಲ್ಪವೇ ಕಂದುತ್ತಿತ್ತು. ಸಂತೆಗೆ ಹೋದ ನಮ್ಮ ಯಜಮಾನರಿಗಾಗಿ ಹೊಸ್ತಿಲಲ್ಲಿ ನಿಂತು ಕಾಯುತ್ತಿದ್ದ ಆ ಕಾಲದ ಸಂಜೆಗಳು ನೆನಪಾದವು. ಯಾರೂ ನಗಲಿಲ್ಲ. ಚೈತ್ರ ಎಲ್ಲಿದ್ದಾಳೆ ಎಂದು ಹುಡುಕಿದೆ, ಎಲ್ಲೂ ಕಾಣಲಿಲ್ಲ. ಆಗ ನನಗೆ ಬಂದ ಹೆಮ್ಮೆಯನ್ನು ಮುಚ್ಚಿಡುವುದೇಕೆ?

ಮಧ್ಯಾಹ್ನ ಎಲ್ಲರ ಸರದಿಯೂ ಮುಗಿದ ಮೇಲೆ, “ಮನೇಲಿ ಒಪ್ಪಿದ್ರೆ ಸೋಮವಾರದಿಂದ ಬರ್ಲಿ” ಎಂದರು ಮೇಷ್ಟ್ರು. ಕಲಿಯುವ ಹುಡುಗಿಯರು ಇರುವ ಬಾಡಿಗೆ ಮನೆ ಪಕ್ಕದ ರಸ್ತೆಯಲ್ಲೇ ಇತ್ತು. ಹೋಗಿ ಬಾಗಿಲ ಚಿಲಕ ಎಳೆದು ನೋಡಿದೆ, ನಲ್ಲಿ ತಿರುಗಿಸಿದೆ, ಮನೆಯೊಡತಿ ಕೊಟ್ಟ ಕಾಫಿಯನ್ನೂ ಕುಡಿದೆ. ಮೂರೂ ಗಟ್ಟಿಯಾಗಿಯೇ ಇದ್ದವು.

ಸಂಜೆ ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ನಂಜುಂಡ ಸ್ಕೂಟರಿಗೆ ಒರಗಿಕೊಂಡು ಕಾಯುತ್ತಿದ್ದ. ಮಗಳನ್ನು ಮಾತಾಡಿಸಲಿಲ್ಲ, ನನ್ನನ್ನೇ ಕೇಳಿದ.

“ಎಷ್ಟು ಜನ ನೋಡಿದ್ರಕ್ಕ ಇವ್ಳನ್ನ?”

“ಒಬ್ರೂ ನೋಡ್ಲಿಲ್ಲ ಕಣೋ. ಅವ್ಳು ಕತ್ಲಲ್ಲಿದ್ಲು. ಎಲ್ರೂ ನನ್ನೇ ನೋಡಿದ್ರು!” ಎಂದು, ಆ ಬೆಳಕಿನಲ್ಲಿ ಮೇಷ್ಟ್ರು ತೆಗೆದು ಚೈತ್ರಳ ಫೋನಿಗೆ ಕಳಿಸಿದ್ದ ನನ್ನ ಫೋಟೋ ತೋರಿಸಿದೆ. “ಸೋಮವಾರ ಬಾ ಅಂದವ್ರೆ. ನಂದು ಹೂಂ. ನೀನು ಹೇಳ್ಕೊಟ್ಟಂಗೆ ಸ್ಪ್ಯಾನರ್ ಕೈಗೆ ಕಟ್ಕೊಂಡೇ ಏಣಿ ಹತ್ತಿದ್ಲು, ಅದನ್ನ ನೋಡೇ ಮೇಷ್ಟ್ರು ಅರ್ಧ ಒಪ್ಪಿಬುಟ್ರು.”

ನಂಜುಂಡ ಬಹಳ ಹೊತ್ತು ಫೋಟೋ ನೋಡಿದ. ಮಗಳು ಚೀಲದ ಪಟ್ಟಿ ತಿರುಚುತ್ತ ನಿಂತಿದ್ದಳು.

“ಯಾವ ದಾರ ಕಟ್ಟಿದ್ಲು?”

“ಗೋಣಿದಾರ.”

“ಗೋಣಿದಾರ ಸವೆದು ಕಿತ್ಕೊಂಡ್ ಹೋಯ್ತದೆ” ಎಂದು ಸ್ಕೂಟರಿನ ಕೀ ತಿರುಗಿಸಿದ. “ಅಂಗಡೀಲಿ ನೈಲಾನ್ ಹಗ್ಗ ಐತೆ. ಸೋಮವಾರ ಹೋಗೋವಾಗ ಮರೀದೆ ತಗೊಂಡ್ ಹೋಗು ಅಂತ ಅವ್ಳಿಗೆ ಹೇಳಕ್ಕ.”